ಸುರಪುರದ ಚಿತ್ರಗಳಿಗೆ ಒಂದು ನೆಲೆ

ಸುರಪುರವೆಂದೊಡನೆ 1857-58ರ ಹೋರಾಟವೂ ತಾರುಣ್ಯದಲ್ಲಿಯೇ ಅಸುನೀಗಿದ ರಾಜಾ ವೆಂಕಟಪ್ಪ ನಾಯಕನೂ ನೆನಪಾಗುವುದು ಸಹಜ. 1705ರಲ್ಲಿ ಔರಂಗಜೇಬನು ಸ್ವತಃ ಬಂದು ವಾಗಣಗೇರಾ ಕೋಟೆಯನ್ನು ಮುತ್ತಿದ ಕಥೆಯನ್ನೂ ಯಾದಗಿರಿ, ಶಹಾಪುರ ಸೀಮೆಯ ವಿದ್ಯಾರ್ಥಿಗಳು ಕೇಳಿರುತ್ತಾರೆ. ಆದರೆ ಖಡ್ಗ ಹಿಡಿದ ಆ ನಾಯಕರು ಕುಂಚ ಹಿಡಿದವರನ್ನೂ ಪೊರೆದಿದ್ದರೆಂಬುದು ಆ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ಗರುಡಾದ್ರಿ ಮನೆತನದ ಚಿತ್ರಗಾರರ ಕೈಯಲ್ಲಿ ಬೆಳೆದ ಸುರಪುರ ಶೈಲಿಯಲ್ಲಿ ದಖ್ಖನಿ ಕಿರುಚಿತ್ರಗಳ ನವಿರಾದ ಗೆರೆಯೂ ವಿಜಯನಗರದಿಂದ ಹರಿದುಬಂದ ದೇವತಾಮೂರ್ತಿಗಳ ಗಾಂಭೀರ್ಯವೂ ಒಂದಾಗಿವೆ. ಕೃಷ್ಣಲೀಲೆ, ರಾಮಕಥೆ, ಆಳರಸರ ಭಾವಚಿತ್ರ, ಎಲ್ಲಕ್ಕೂ ಬಂಗಾರದ ಮೆರುಗು. ಈ ಸೀಮೆಗೆ ಚಿತ್ರವಿದ್ಯೆ ಹೊಸತೇನಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ತನ್ನ ‘ಮಾನಸೋಲ್ಲಾಸ’ದಲ್ಲಿ ಭಿತ್ತಿಯ ಸಂಸ್ಕಾರದಿಂದ ಮೊದಲುಗೊಂಡು ಬಣ್ಣವನ್ನು ಹಿಡಿದಿಡುವ ವಜ್ರಲೇಪದವರೆಗೆ ಚಿತ್ರಶಾಸ್ತ್ರವನ್ನು ವಿಸ್ತರಿಸಿದ್ದಾನೆ. 1858ರಲ್ಲಿ ಸಂಸ್ಥಾನ ಕುಸಿಯಿತು. 1860ರಲ್ಲಿ ಅದು ನಿಜಾಮನ ವಶವಾಯಿತು. ಪೋಷಕನಿಲ್ಲದ ಕಲೆ ಸೊರಗಿತು. ಚಿತ್ರಗಳು ಚೆದುರಿ, ಕೆಲವು ಕಡಲಾಚೆಯ ಸಂಗ್ರಹಾಲಯಗಳನ್ನು ಸೇರಿದವು.

ಅರಸೊತ್ತಿಗೆ ಅಳಿದ ಮೇಲೆ ಕಲೆಯನ್ನು ಸಲಹುವ ಭಾರ ಜನರದು. ಮೈಸೂರಿನಲ್ಲಿ 1861ರ ಜಗನ್ಮೋಹನ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ಅದಕ್ಕೆಂದು ಹೊಸ ಸೌಧವನ್ನು ಕಟ್ಟಲಿಲ್ಲವೆಂಬುದನ್ನು ಗಮನಿಸಬೇಕು. ಒಂದು ಕಾಲಕ್ಕೆ ರಾಜವಂಶದ ಕಣ್ಣಿಗಷ್ಟೇ ಮೀಸಲಾಗಿದ್ದ ರವಿವರ್ಮನ ಚಿತ್ರಗಳ ಮುಂದೆ ಇಂದು ಹಳ್ಳಿಯ ಶಾಲೆಯ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಹಳದಣಕರರು ಬಿಡಿಸಿದ, ದೀಪವನ್ನು ಕೈಯಲ್ಲಿ ಮರೆಮಾಡಿ ನಿಂತ ಹೆಣ್ಣನ್ನು ಒಮ್ಮೆ ಕಂಡ ಮಗುವಿಗೆ ಬೆಳಕು-ನೆರಳಿನ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. ಇತ್ತ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ಪೌರಾಣಿಕ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆಯನ್ನೇರಿದವು. ಅವರ ಹೆಸರನ್ನು ಅಲ್ಲಿಯ ರಂಗಮಂದಿರಕ್ಕೆ ಇಟ್ಟಿದ್ದಾರೆ. (ಚಿತ್ರಗಾರನ ಹೆಸರು ನಾಟಕದ ಮನೆಗೆ! ಗೌರವವೇನೋ ಹೌದು.)

ಬರಗಾಲದ ಸೀಮೆಗೆ ಚಿತ್ರಶಾಲೆಯ ಸೋಗೇಕೆ, ಮೊದಲು ಶಾಲೆಗೆ ಕೋಣೆಗಳಾಗಲಿ ಎಂಬ ಮಾತು ಬರುತ್ತದೆ. ಅದು ತೆಗೆದುಹಾಕುವ ಮಾತಲ್ಲ. ಆದರೆ ಕೋಣೆಯನ್ನು ಮುಂದಿನ ವರ್ಷವೂ ಕಟ್ಟಬಹುದು. ದೇವರ ಮನೆಯ ಹೊಗೆಗೆ ಕಪ್ಪಿಟ್ಟ, ಗೆದ್ದಲು ತಿಂದ ಇನ್ನೂರು ವರ್ಷದ ಚಿತ್ರವನ್ನು ಮತ್ತೆ ಬರೆಯಿಸಲಾಗದು. ಹಣದ ಮಾರ್ಗವೂ ಮುಚ್ಚಿಲ್ಲ. ಯಾದಗಿರಿ 2010ರಲ್ಲಿ ಸ್ವತಂತ್ರ ಜಿಲ್ಲೆಯಾಯಿತು. 371(ಜೆ) ವಿಧಿಯಡಿ ಈ ಪ್ರದೇಶಕ್ಕೆ ಅಭಿವೃದ್ಧಿ ಮಂಡಳಿಯೂ ಬಂದಿತು. ರಸ್ತೆಗೆ ಸಲ್ಲುವ ಹಣದಲ್ಲಿ ಒಂದು ಪಾಲು ಚಿತ್ರಕ್ಕೆ ಸಂದರೆ ತಪ್ಪೇನು? ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರನು 1844ರಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ ಇದೆ. ಚಿತ್ರ ಬರೆಯುತ್ತಿದ್ದ ಆ ಅಧಿಕಾರಿಯ ಮನೆಯೇ ಸುರಪುರದ ಚಿತ್ರಗಳಿಗೆ ಆಶ್ರಯವಾಗುವುದು ಅನುಚಿತವೆನಿಸದು.

ಸರಕಾರದ ದಾರಿ ಕಾಯದೆ ಆಗಬೇಕಾದ ಕೆಲಸವೂ ಉಂಟು. ಚಿತ್ರಕಲಾ ಶಿಕ್ಷಕರು ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳೊಡನೆ ಹಳೆಯ ಮನೆಗಳಿಗೆ ಹೋಗಿ, ಒಡೆಯರ ಅನುಮತಿ ಪಡೆದು, ಚಿತ್ರಗಳ ಛಾಯಾಪ್ರತಿ ತೆಗೆದು ಪಟ್ಟಿ ಮಾಡಬೇಕು. ಮೂಲಚಿತ್ರ ಒಡೆಯನ ಮನೆಯಲ್ಲಿಯೇ ಇರಲಿ, ಒತ್ತಾಯ ಬೇಡ. ಶಿಲಾಫಲಕದಲ್ಲಿ ಹೆಸರು ಕೆತ್ತಿಸಿ ಕೋಣೆ ಕಟ್ಟಿಸುವ ದಾನಿಗಳಲ್ಲಿ ಒಬ್ಬರಾದರೂ ಈ ವರ್ಷ ಒಂದು ಗಾಜಿನ ಬೀರು ಕೊಡಿಸಿದರೆ, ಆ ಛಾಯಾಪ್ರತಿಗಳನ್ನು ಶಾಲೆಯ ಪಡಸಾಲೆಯಲ್ಲಿಯೇ ಇರಿಸಿ ಆರಂಭಿಸಬಹುದು.