ಮಿರ್ಜಾ ಸಾಹೇಬರ ಸವಾರಿ, ನಮ್ಮ ಸಾಹೇಬರ ಕಾರು

ನಜರ್‌ಬಾದಿನ ಮಿರ್ಜಾ ರಸ್ತೆಯಲ್ಲಿ ದಿನಾ ಓಡಾಡೋರಲ್ಲಿ ಎಷ್ಟು ಮಂದಿಗೆ ಆ ಹೆಸರು ಯಾರದ್ದೆಂದು ಗೊತ್ತು? ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರು, ನಾಲ್ವಡಿಯವರ ಸಹಪಾಠಿ. ಇಂಜಿನಿಯರ್ ಅಲ್ಲ. ಆದರೂ ಊರು ಕಟ್ಟೋ ವಿಷಯ ಬಂದರೆ ಅವರನ್ನು ಬಿಟ್ಟು ಮಾತು ಮುಂದಕ್ಕೆ ಹೋಗದು.

ಅಡಿಪಾಯ ಅವರದ್ದಲ್ಲ, ಅದನ್ನೂ ಹೇಳಿಬಿಡೋಣ. ಪ್ಲೇಗು ಬಡಿದು ಬುದ್ಧಿ ಬಂದ ಮೇಲೆ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತ್ತು. ಹಳೇ ಬಡಾವಣೆಗಳ ಅಗಲ ರಸ್ತೆ, ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿ ಎಲ್ಲ ಆ ಕಾಲದ ಲೆಕ್ಕಾಚಾರ. ಮಿರ್ಜಾ ತಂದದ್ದು ಕಣ್ಣು. ಬೆಳಗ್ಗೆ ಕುದುರೆ ಏರಿ ಬೀದಿ ಸುತ್ತುತ್ತಿದ್ದರು, ಚರಂಡಿ ಕಟ್ಟಿದ್ದರೂ ಗಿಡ ಒಣಗಿದ್ದರೂ ಅಧಿಕಾರಿಗಳನ್ನು ವಿಚಾರಿಸುತ್ತಿದ್ದರು ಅಂತ ಹಿರಿಯರ ಬಾಯಲ್ಲಿ ಇನ್ನೂ ಇದೆ. ಕನ್ನಂಬಾಡಿ ಕಟ್ಟೆ ಕೆಳಗೆ ಬೃಂದಾವನ ಎದ್ದದ್ದು ಅದೇ ಕಣ್ಣಿನಿಂದ. ನೀರಾವರಿಗೆ ಕಟ್ಟಿದ ಅಣೆಕಟ್ಟಿಗೆ ತೋಟ ಯಾಕ್ರೀ ಅಂತ ಆಗಲೂ ಕೇಳಿದವರು ಇದ್ದಿರಲೇಬೇಕು. ಇಲ್ಲಿಂದ ಹೋದ ಮೇಲೆ ಜೈಪುರಕ್ಕೆ ಪ್ರಧಾನಿಯಾದರು. ಆ ಊರಿನ ದೊಡ್ಡ ವ್ಯಾಪಾರದ ಬೀದಿ ಇವತ್ತಿಗೂ ಎಂ.ಐ. ರೋಡ್. ಹೆಸರು ನಮ್ಮ ದಿವಾನರದ್ದೇ.

ದೇವರೇನಲ್ಲ. 1938ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿದ್ದು ಇವರ ಆಡಳಿತದಲ್ಲೇ. ಓಟು ಕೇಳಬೇಕಾಗಿರಲಿಲ್ಲ, ಬೆನ್ನಿಗೆ ಮಹಾರಾಜರಿದ್ದರು, ಕೈಯಲ್ಲಿ ಹದಿನೈದು ವರ್ಷ ಇತ್ತು. ಈಗಿನ ಅಧಿಕಾರಿಗೆ ಊರಿನ ಗಲ್ಲಿ ಪರಿಚಯವಾಗೋ ಹೊತ್ತಿಗೆ ವರ್ಗಾವಣೆ ಆರ್ಡರ್ ಬಂದಿರುತ್ತದೆ. ನ್ಯಾಯವಾಗಿ ಹೇಳಬೇಕಾದ ಮಾತು.

ಆದರೆ ನೋಡೋದಕ್ಕೆ ಮಹಾರಾಜರ ಬೆಂಬಲ ಯಾಕೆ ಬೇಕು ಸ್ವಾಮಿ? ಲ್ಯಾನ್ಸ್‌ಡೌನ್ ಕಟ್ಟಡ 2012ರ ಆಗಸ್ಟಿನಲ್ಲಿ ಕುಸಿದು ಜೀವ ಹೋಯಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಕಟ್ಟಡ ಒಂದೇ ರಾತ್ರಿಯಲ್ಲಿ ಹಳೇದಾಗಲಿಲ್ಲವಲ್ಲ! ಗೋಡೆ ಬಿರುಕು ಬಿಡೋದು, ಗಿಡ ಬೇರು ಬಿಡೋದು ವರ್ಷಗಟ್ಟಲೆ ಕಣ್ಣಿಗೆ ಬೀಳೋ ಕೆಲಸ. ಬಿದ್ದ ಮೇಲೆ ಕೆಡವೋಣವೋ ಉಳಿಸೋಣವೋ ಅಂತ ವರದಿ ಮೇಲೆ ವರದಿ, ಕೋರ್ಟು ಕಚೇರಿ. ನಡುವೆ ಒದ್ದಾಡಿದ್ದು ಹೂವು, ತರಕಾರಿ ಮಾರೋರು. 1988ರಲ್ಲಿ ಟ್ರಸ್ಟ್ ಬೋರ್ಡು ಹೋಗಿ ಮುಡಾ ಬಂತು. 2024ರಲ್ಲಿ ಅದರ ಸೈಟು ಹಂಚಿಕೆ ರಾಜ್ಯವೆಲ್ಲ ಆಡಿಕೊಳ್ಳೋ ಮಾತಾಯಿತು. ಊರು ಕಟ್ಟೋಕೆ ಹುಟ್ಟಿದ ಕಚೇರಿಯ ಪರಂಪರೆ ಸೈಟಿನ ಲೆಕ್ಕಕ್ಕೆ ಬಂದು ನಿಂತಿತು.

ಅಂಗಡಿಯವರಿಗೂ ಒಂದು ಮಾತಿದೆ, ಕೋಪ ಬೇಡ. ಫುಟ್‌ಪಾತಿನ ಮೇಲೆ ಸರಕು ಜೋಡಿಸಿಟ್ಟರೆ ಸಿಟಿ ಬಸ್ ಇಳಿದ ಮುದುಕಿ ರಸ್ತೆಗೇ ಇಳಿಯಬೇಕು. ಆಕೆ ನಿಮ್ಮ ಗಿರಾಕಿಯೇ ತಾನೇ?

ದಸರಾ ಬಂದರೆ ಸಯ್ಯಾಜಿರಾವ್ ರಸ್ತೆಗೆ ಬಣ್ಣ, ದೀಪ. ಜಂಬೂ ಸವಾರಿ ಹೋದ ಮಾರನೇ ದಿನ ಯಾರಿಗೂ ಬೇಡ. ಅದಕ್ಕೇ ಸಾಹೇಬರಲ್ಲಿ ಒಂದು ಅರಿಕೆ. ಶನಿವಾರ ಸಂಜೆ ಆರು ಗಂಟೆಗೆ ಕೆ.ಆರ್. ಸರ್ಕಲ್‌ನಿಂದ ಆಯುರ್ವೇದ ಆಸ್ಪತ್ರೆ ಸರ್ಕಲ್‌ವರೆಗೆ ಒಮ್ಮೆ ನಡೆದುಬನ್ನಿ. ಕಾರು ಬೇಡ, ಫೋಟೋದವರು ಬೇಡ, ಜೇಬಲ್ಲೊಂದು ಡೈರಿ ಸಾಕು. ದಾರಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿರೋರು ಏನೇನು ಬರೆದುಕೊಳ್ಳಬೇಕು ಅಂತ ಹೇಳಿಕೊಡ್ತಾರೆ.