ಅಟ್ಟದ ಮೇಲೆ ಎಷ್ಟು ಕಾಯಿ ಇತ್ತು ಅಂತ ಮೊದಲು ಕೇಳಿ

ಹೋದ ತಿಂಗಳು ತುರುವೇಕೆರೆ ಹತ್ತಿರ ಅಕ್ಕನ ಮನೇಲಿ ನಾಮಕರಣ. ಊಟ ಮುಗಿಸಿ, ಎಲೆ ಅಡಿಕೆ ಹಾಕ್ಕೊಂಡು ಜಗಲಿ ಮೇಲೆ ಕೂತಿದ್ವಿ. ಭಾವ ಆಗಷ್ಟೇ ಟೂರ್ ಮುಗಿಸಿ ಬಂದಿದ್ರು. ಬೈಲುಕುಪ್ಪೆ ಗೋಲ್ಡನ್ ಟೆಂಪಲ್ ನೋಡಿ, ಆಮೇಲೆ ಉತ್ತರ ಕನ್ನಡದ ಕಡೆ ಯಲ್ಲಾಪುರ, ಮುಂಡಗೋಡು ಅಂತ ಸುತ್ತಾಡಿದ್ರು. ಫೋನಲ್ಲಿ ಫೋಟೋ ತೋರಿಸ್ತಾ ಒಂದು ಮಾತು ಎಸೆದ್ರು.

"ನೋಡಪ್ಪಾ, ಈ ಟಿಬೆಟ್ಟಿನೋರು ಉಟ್ಟ ಬಟ್ಟೇಲಿ ಬಂದೋರು. ಅರವತ್ತು ವರ್ಷದಲ್ಲಿ ಹೆಂಗೆ ಕಟ್ಟವ್ರೆ! ಆ ಸಿದ್ದಿಗಳು ಬಂದು ನಾನೂರು ವರ್ಷ ಆಯ್ತಂತೆ, ಇನ್ನೂ ಕಂಡೋರ ತೋಟದಲ್ಲಿ ಕೂಲಿ ಮಾಡ್ತಾವ್ರೆ. ಇಬ್ರೂ ಹೊರಗಿನಿಂದ ಬಂದೋರೇ ತಾನೆ? ಎಲ್ಲಾ ಅವರವರ ಸಂಸ್ಕಾರ ಕಣಪ್ಪಾ."

ಕೂತಿದ್ದೋರೆಲ್ಲ ಹೂಂಗುಟ್ಟಿದ್ರು. ನಿಜ ಹೇಳ್ಬೇಕು ಅಂದ್ರೆ ನಾನೂ ತಲೆ ಆಡಿಸಿದೆ. ಬಾಯಲ್ಲಿ ಅಡಿಕೆ ಇತ್ತು ಅನ್ನೋದು ನೆಪ. ಆದರೆ ರಾತ್ರಿ ತಿಪಟೂರಿನಲ್ಲಿ ಬೆಂಗಳೂರು ಟ್ರೇನ್ ಹತ್ತಿದ ಮೇಲೂ ಆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅವತ್ತು ಜಗಲಿ ಮೇಲೆ ಹೇಳಬೇಕಿದ್ದ ಉತ್ತರವನ್ನ ಇಲ್ಲಿ ಹೇಳ್ತಿದ್ದೀನಿ. ಭಾವ ಓದಿದ್ರೆ ಬೈಕೊಳ್ಳಲಿ.

ಮೊದಲು ಟಿಬೆಟನ್ನರ ಲೆಕ್ಕ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು, ಹಿಂದೆ ಸಾವಿರಾರು ಜನ ಬಂದರು. ಆಗಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1966ರಲ್ಲಿ ಮುಂಡಗೋಡು, ಆಮೇಲೆ ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ ಹೀಗೆ ಒಂದೊಂದೇ ವಸತಿ ಎದ್ದವು. ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ 1961ರಲ್ಲಿ ಟಿಬೆಟನ್ ಶಾಲೆಗಳ ಪ್ರತ್ಯೇಕ ಆಡಳಿತ ಸಂಸ್ಥೆ ಮಾಡಿತು. ವಿದೇಶಿ ನೆರವು ಬಂತು, ಸಹಕಾರ ಸಂಘಗಳು ಬಂದವು. ಇವತ್ತು ಸ್ವಸಹಾಯ ಗುಂಪುಗಳ ವಿಷಯ ಬಂದಾಗೆಲ್ಲ ಹೆಸರು ಕೇಳೋ ಮೈರಾಡಾ ಸಂಸ್ಥೆ ಇದೆಯಲ್ಲ, ಅದು 1968ರಲ್ಲಿ ಹುಟ್ಟಿದ್ದೇ ಮೈಸೂರು ರಾಜ್ಯದಲ್ಲಿ ಟಿಬೆಟನ್ನರಿಗೆ ಪುನರ್ವಸತಿ ಮಾಡೋದಕ್ಕೆ.

ಇದನ್ನ ಹೇಳಿದ ಮಾತ್ರಕ್ಕೆ ಅವರ ಕಷ್ಟ ಸುಳ್ಳಾಗಲ್ಲ. ಹಿಮದ ನಾಡಿನಿಂದ ಬಂದೋರು ಇಲ್ಲಿನ ಸೆಖೆಯಲ್ಲಿ ಕಾಡು ಕಡಿದು ಹೊಲ ಮಾಡಿದರು. ಎಷ್ಟೋ ಜನ ಕಾಯಿಲೆ ಬಿದ್ದು ಸತ್ತರು, ಬೆಳೆ ಬಂದಾಗ ಆನೆ ನುಗ್ಗಿತು. ಹೊಲದ ಆದಾಯ ಸಾಲದೆ ಚಳಿಗಾಲ ಬಂದರೆ ಊರೂರು ತಿರುಗಿ ಸ್ವೆಟರ್ ಮಾರಿದರು. ದುಡಿದರು, ನಿಜ. ಆದರೆ ದುಡಿಯೋದಕ್ಕೆ ಕಾಲ ಕೆಳಗೆ ನೆಲ ಇತ್ತು, ಮಗು ಓದೋದಕ್ಕೆ ಪಕ್ಕದಲ್ಲೇ ಶಾಲೆ ಇತ್ತು.

ಈಗ ಸಿದ್ದಿಗಳ ಲೆಕ್ಕ. ಇವರು 'ಬಂದೋರು' ಅಲ್ಲ, ತಂದವರು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಆಫ್ರಿಕಾದಿಂದ ಗುಲಾಮರನ್ನಾಗಿ ತಂದ ಜನರ ವಂಶದವರು ಇವರಲ್ಲಿ ಬಹಳಷ್ಟು ಮಂದಿ. ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಿನ ಕಾಡು ಸೇರಿದರು. ಸ್ವಾಗತ ಸಮಿತಿ ಇರಲಿಲ್ಲ. ಯಾವ ಸರ್ಕಾರವೂ ಎಕರೆ ಅಳೆದು ಕೊಡಲಿಲ್ಲ. ಅವರು ನೆಲೆ ನಿಂತ ಕಾಡನ್ನೇ ಬ್ರಿಟಿಷರು ಸರ್ಕಾರಿ ಕಾಡು ಅಂತ ಬರೆದುಕೊಂಡರು, ಇವರು ತಮ್ಮ ಮನೆ ಅಂಗಳದಲ್ಲೇ ಒತ್ತುವರಿದಾರರಾದರು. ಹೊಟ್ಟೆಪಾಡಿಗೆ ಅಡಿಕೆ ತೋಟದ ಕೂಲಿ, ಕೂಲಿಗೆ ಮುಂಗಡ, ಮುಂಗಡ ತೀರಿಸೋದಕ್ಕೆ ಮತ್ತೆ ಕೂಲಿ.

ಸಿದ್ದಿಗಳನ್ನ ಪರಿಶಿಷ್ಟ ಪಂಗಡ ಅಂತ ಸೇರಿಸಿದ್ದು ಯಾವಾಗ ಗೊತ್ತಾ? 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿನ ಮೆಟ್ಟಿಲು ಹತ್ತಿದ್ದು 2020ರಲ್ಲಿ.

ಪಂಗಡದ ಪಟ್ಟಿ ಬರೀ ಕಾಗದ ಅನ್ನೋರು ಇದನ್ನ ಗಮನಿಸಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಜಾಗದಲ್ಲಿ ಇದ್ದೆವು ಅಂತ ತೋರಿಸಿದರೆ ಸಾಕು. ಪಟ್ಟಿಯಲ್ಲಿ ಇಲ್ಲದವರು ಮೂರು ತಲೆಮಾರು, ಅಂದ್ರೆ 75 ವರ್ಷದ ವಾಸಕ್ಕೆ ಸಾಕ್ಷಿ ತರಬೇಕು. ಕಾಡಲ್ಲಿ ಹುಟ್ಟಿದ ಅಜ್ಜನಿಗೆ ಯಾರು ಬರ್ತ್ ಸರ್ಟಿಫಿಕೇಟ್ ಕೊಟ್ಟಿರ್ತಾರೆ?

ಭಾವನ ಹೋಲಿಕೆಯನ್ನ ಈಗ ಮತ್ತೆ ಓದಿ. ಮುಂಡಗೋಡು ಒಂದೇ ತಾಲ್ಲೂಕು, ಒಂದೇ ಮಳೆ, ಒಂದೇ ಸಂತೆ. ಒಬ್ಬರಿಗೆ ಸರ್ಕಾರ ಅಲ್ಲಿ ಜಾಗ ಗುರುತು ಮಾಡಿ ಕೊಟ್ಟಿದ್ದು 1966ರಲ್ಲಿ. ಅದಕ್ಕೂ ಎಷ್ಟೋ ತಲೆಮಾರು ಮುಂಚಿನಿಂದ ಅಲ್ಲೇ ಇದ್ದ ಇನ್ನೊಬ್ಬರನ್ನ ಅದೇ ಸರ್ಕಾರ 'ನೀವು ಇದ್ದೀರಿ' ಅಂತ ಒಪ್ಪಿಕೊಂಡಿದ್ದು 37 ವರ್ಷ ಆದ್ಮೇಲೆ. ಇದರಲ್ಲಿ ಸಂಸ್ಕಾರ ಎಲ್ಲಿಂದ ಬಂತು?

ಭಾವನ ಪರವಾಗಿ ಒಂದು ಗಟ್ಟಿ ಪ್ರಶ್ನೆ ನಾನೇ ಕೇಳಿಬಿಡ್ತೀನಿ. ನೆರವು ಸಿಕ್ಕೋರೆಲ್ಲ ಉದ್ಧಾರ ಆಗಲ್ಲ. ಟಿಬೆಟನ್ನರ ಒಗ್ಗಟ್ಟು, ಶಿಸ್ತು ಇರಲಿಲ್ಲ ಅಂದ್ರೆ ಅಷ್ಟೂ ಎಕರೆ ಪಾಳು ಬೀಳ್ತಿತ್ತಲ್ವಾ? ಒಪ್ಪಿದೆ. ಆದರೆ ಆ ಒಗ್ಗಟ್ಟು ಎಲ್ಲಿಂದ ಬಂತು? ಅವರು ಓಡಿ ಬಂದಾಗ ಗುರು, ಮಠ, ಭಾಷೆ, ಗ್ರಂಥ, ನಾಯಕ ಎಲ್ಲವನ್ನೂ ಜೊತೆಗೆ ತಂದರು. ಬುಡದ ಮಣ್ಣಿನ ಸಮೇತ ಕಿತ್ತು ತಂದು ನೆಟ್ಟ ಸಸಿ ಅದು. ಸೆರಾ, ಡ್ರೆಪುಂಗ್, ಗಾಂದೆನ್ ಅನ್ನೋ ಲಾಸಾ ಸುತ್ತಲಿನ ಮಹಾಮಠಗಳೇ ಇಲ್ಲಿ ಮತ್ತೆ ಕಟ್ಟಲ್ಪಟ್ಟವು. ಸಿದ್ದಿಗಳ ಪೂರ್ವಿಕರನ್ನ ಹಡಗಿಗೆ ತುಂಬಿದ್ದು ಒಂಟೊಂಟಿಯಾಗಿ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಪಕ್ಕದಲ್ಲಿ ಸರಪಳಿಯಲ್ಲಿ ಇದ್ದೋನ ಭಾಷೆ ಇವನಿಗೆ ಬರಲ್ಲ. ಒಗ್ಗಟ್ಟನ್ನ ಮುರಿದೇ ತಂದರು. ಅಷ್ಟಾದ್ರೂ ಹಿಂದೂ, ಮುಸ್ಲಿಂ, ಕ್ರೈಸ್ತ ಅಂತ ಮೂರು ಧರ್ಮದಲ್ಲಿ ಹಂಚಿಹೋಗಿಯೂ 'ನಾವು ಸಿದ್ದಿಗಳು' ಅಂತ ಉಳಿದುಕೊಂಡ್ರಲ್ಲ, ಸಂಸ್ಕಾರ ಅನ್ನೋ ಪದ ಬಳಸಲೇಬೇಕು ಅಂದ್ರೆ ನಾನು ಅಲ್ಲಿ ಬಳಸ್ತೀನಿ.

ಇನ್ನೊಂದು ತಮಾಷೆ. ಗೆದ್ದೋರು ಅಂತ ನಾವು ಬೆನ್ನು ತಟ್ಟೋ ಟಿಬೆಟನ್ನರಲ್ಲಿ ಬಹುತೇಕರು ಇವತ್ತಿಗೂ ಈ ದೇಶದ ನಾಗರಿಕರಲ್ಲ. ನೋಂದಣಿ ಪತ್ರ ಹಿಡಿದು ನವೀಕರಣಕ್ಕೆ ಅಲೆಯಬೇಕು. ಉಳೋ ನೆಲ ಅವರ ಹೆಸರಲ್ಲಿಲ್ಲ. ಓದಿದ ಹುಡುಗರು ಅವಕಾಶ ಸಿಕ್ಕಿದ್ರೆ ವಿದೇಶಕ್ಕೆ ಹೋಗ್ತಿದ್ದಾರೆ, ಕ್ಯಾಂಪುಗಳಲ್ಲಿ ವಯಸ್ಸಾದೋರು ಉಳೀತಿದ್ದಾರೆ. ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತಗೊಳ್ಳೋ ನಮಗೆ ಅದ್ಯಾವುದೂ ಫ್ರೇಮಿಗೆ ಬರಲ್ಲ. ಚಿನ್ನದ ವಿಗ್ರಹ ಮಠದ್ದು, ಸ್ವೆಟರ್ ಮಾರೋ ಹೆಂಗಸಿನದಲ್ಲ.

ಈ ಹೋಲಿಕೆಯ ಚಟ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಇದು ದೊಡ್ಡ ಆಟ. ಆಸ್ಟ್ರಿಯಾ ಮೂಲದೋರ ಆದಾಯ ಎಷ್ಟು, ಕ್ಯೂಬಾ ಮೂಲದೋರದು ಎಷ್ಟು, ಯಾರ ಮಕ್ಕಳು ಹೆಚ್ಚು ಡಿಗ್ರಿ ತಗೊಂಡ್ರು ಅಂತ ಪಟ್ಟಿ ಮಾಡಿ, ಕೊನೆಗೆ ಯಾವ ದೇಶದ ರಕ್ತ ಒಳ್ಳೇದು ಅನ್ನೋ ತನಕ ಹೋಗ್ತಾರೆ. 'ಆಸ್ಟ್ರಿಯಾದವರು' ಅನ್ನೋ ಖಾನೆಯನ್ನೇ ಬಿಚ್ಚಿ ನೋಡಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಆಸ್ಟ್ರಿಯಾ ಅಂದ್ರೆ ಹತ್ತಾರು ಭಾಷೆಯ ಸಾಮ್ರಾಜ್ಯ. ಆ ಹೆಸರಲ್ಲಿ ಬಡ ರೈತರೂ ಹಡಗು ಹತ್ತಿದ್ರು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದ ಮೇಲೆ ವಿಯೆನ್ನಾದ ಯಹೂದಿ ವೈದ್ಯರು, ವಿಜ್ಞಾನಿಗಳೂ ಹತ್ತಿದ್ರು. ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ಸರಾಸರಿ ತೆಗೆದರೆ ಸಿಗೋದು ಯಾರ ಸಂಸ್ಕಾರ?

ಕ್ಯೂಬಾದ ಕತೆ ಇನ್ನೂ ಸ್ಪಷ್ಟ. ಕ್ಯಾಸ್ಟ್ರೋ ಅಧಿಕಾರ ಹಿಡಿದದ್ದೂ 1959ರಲ್ಲೇ. ಮೊದಲು ಓಡಿ ಬಂದೋರಲ್ಲಿ ಡಾಕ್ಟರು, ವಕೀಲರು, ವ್ಯಾಪಾರಿಗಳು ಹೆಚ್ಚು. ಶೀತಲ ಸಮರದ ಕಾಲ, ಕಮ್ಯುನಿಸ್ಟರಿಂದ ತಪ್ಪಿಸಿಕೊಂಡು ಬಂದೋರು ಅಂದ್ರೆ ಅಮೆರಿಕಕ್ಕೆ ಅಳಿಯಂದಿರ ಹಾಗೆ. ಸರ್ಕಾರಿ ನೆರವು ಸಿಕ್ಕಿತು, 1966ರಲ್ಲಿ ಕಾಯಂ ವಾಸಕ್ಕೆ ವಿಶೇಷ ಕಾನೂನೇ ಬಂತು. 1980ರಲ್ಲಿ ಮರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು 1.25 ಲಕ್ಷ ಜನ ಬಂದ್ರು. ಅವರಲ್ಲಿ ಕೂಲಿ ಕಾರ್ಮಿಕರು ಹೆಚ್ಚು, ಕಪ್ಪು ಮೈಬಣ್ಣದೋರೂ ಮೊದಲಿಗಿಂತ ಹೆಚ್ಚು. ಅದೇ ಕ್ಯೂಬಾ, ಅದೇ ಭಾಷೆ, ಅದೇ ಅಡುಗೆ. ಆದರೆ ಈ ಸಲ ಎಷ್ಟೋ ಜನರನ್ನ ತಿಂಗಳುಗಟ್ಟಲೆ ಶಿಬಿರದಲ್ಲಿಟ್ಟರು, ಪತ್ರಿಕೆಗಳು ಅವರನ್ನ ಕಳ್ಳಕಾಕರ ಹಾಗೆ ಚಿತ್ರಿಸಿದವು. ಸಂಸ್ಕಾರ ಒಂದೇ, ಬದಲಾಗಿದ್ದು ಬಂದೋರ ಕೈಯಲ್ಲಿ ಏನಿತ್ತು ಅನ್ನೋದು ಮತ್ತು ಬಾಗಿಲು ಹೆಂಗೆ ತೆರೆದರು ಅನ್ನೋದು.

ಇಷ್ಟು ದೂರ ಹೋಗೋದೇ ಬೇಡ. ನಮ್ಮ ತೆಂಗಿನ ಸೀಮೆಯ ಲೆಕ್ಕವನ್ನೇ ಹೇಳ್ತೀನಿ, ಯಾಕಂದ್ರೆ ನಾನೂ ಒಬ್ಬ ವಲಸಿಗ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹುಟ್ಟಿದೋರಿಗೆ ಅಟ್ಟ ಅಂದ್ರೆ ಏನು ಅಂತ ಗೊತ್ತು. ಬಲಿತ ಕಾಯನ್ನ ಅಟ್ಟದ ಮೇಲೆ ಸುರಿದು, ಹೆಚ್ಚುಕಮ್ಮಿ ಒಂದು ವರ್ಷ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತೆ. ಅಲ್ಲಾಡಿಸಿದ್ರೆ ಗೊಡಗೊಡ ಅನ್ನುತ್ತೆ. ಅದು ನಮ್ಮ ಫಿಕ್ಸೆಡ್ ಡಿಪಾಸಿಟ್. ಮದುವೆ, ಬೋರ್‌ವೆಲ್, ಕಾಲೇಜ್ ಫೀಸ್ ಎಲ್ಲದಕ್ಕೂ ಅಟ್ಟದಿಂದ ಕೊಬ್ಬರಿ ಇಳೀಬೇಕು. ನನ್ನ ಇಂಜಿನಿಯರಿಂಗ್ ಮೊದಲ ವರ್ಷದ ಫೀಸ್ ತಿಪಟೂರು ಎಪಿಎಂಸಿ ಹರಾಜಿನಲ್ಲಿ ಬಂದ ದುಡ್ಡು.

ನನ್ನ ಕ್ಲಾಸಲ್ಲಿ ಇನ್ನೊಬ್ಬ ಇದ್ದ. ಗಣಿತದಲ್ಲಿ ನನಗಿಂತ ಚುರುಕು. ಟೆಸ್ಟ್ ಹಿಂದಿನ ದಿನ ಲೆಕ್ಕ ಹೇಳಿಕೊಡ್ತಿದ್ದೋನು ಅವನೇ. ಅವನಪ್ಪ ನಮ್ಮಂಥೋರ ತೋಟದಲ್ಲಿ ಮರ ಹತ್ತಿ ಕಾಯಿ ಕೀಳ್ತಿದ್ರು, ಅವ್ವ ಕಾಯಿ ಸುಲಿಯೋ ಕಡೆ ಮಟ್ಟೆ ಹೊರ್ತಿದ್ರು. ಸಾವಿರಾರು ಕಾಯಿ ಅವರ ಕೈ ಮೇಲೆ ಹಾದು ಹೋದ್ವು, ಅವರ ಮನೇಲಿ ಅಟ್ಟವೇ ಇರಲಿಲ್ಲ. ಪಿಯುಸಿ ಆದ್ಮೇಲೆ ಇಬ್ರೂ ಒಂದೇ ವರ್ಷ ಬೆಂಗಳೂರಿಗೆ ಬಂದ್ವಿ. ನಾನು ಹಾಸ್ಟೆಲ್‌ಗೆ, ಅವನು ಪೀಣ್ಯದ ಒಂದು ವರ್ಕ್‌ಶಾಪಿಗೆ. ಇವತ್ತು ನಾನು ಮೀಟಿಂಗ್‌ಗಳಲ್ಲಿ ಕೂತ್ಕೋತೀನಿ, ಅವನು ಟೆಂಪೋ ಓಡಿಸ್ತಾನೆ.

ನಾಳೆ ಯಾರಾದ್ರೂ 'ತಿಪಟೂರು ಕಡೆಯಿಂದ ಬೆಂಗಳೂರಿಗೆ ಬಂದೋರು' ಅಂತ ಸರ್ವೆ ಮಾಡಿದ್ರೆ ನಮ್ಮಿಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸ್ತಾರೆ. ಆ ಸರಾಸರಿ ಮನುಷ್ಯ ಎಲ್ಲೂ ಇಲ್ಲ. ಇಲ್ಲಾ ನಮ್ಮ ಜಾತಿ ನೋಡಿ ಬೇರೆ ಬೇರೆ ಮಾಡಿ, 'ಇವರು ಪರಿಶ್ರಮಿಗಳು, ಅವರಿಗೆ ಓದಿನ ಕಡೆ ಒಲವಿಲ್ಲ' ಅಂತ ಬರೀತಾರೆ. ಲೆಕ್ಕ ಹೇಳಿಕೊಟ್ಟೋನಿಗೆ ಒಲವಿಲ್ಲ, ಹೇಳಿಸಿಕೊಂಡೋನು ಪರಿಶ್ರಮಿ!

ಅಂದಹಾಗೆ, ಆಫೀಸಿನ ಒಂದು ಕಾರ್ಯಕ್ರಮದಲ್ಲಿ ನನ್ನನ್ನ 'ಹಳ್ಳಿಯಿಂದ ಸ್ವಂತ ಬಲದ ಮೇಲೆ ಬಂದವರು' ಅಂತ ಪರಿಚಯಿಸಿದ್ರು. ಚಪ್ಪಾಳೆ ಬಿತ್ತು. ನಾನು ಕೈ ಮುಗಿದೆ. ಅಟ್ಟದ ಸುದ್ದಿ ಎತ್ತಲಿಲ್ಲ. ಭಾವನ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದ್ದು ಬಹುಶಃ ಇದಕ್ಕೇ. ಅವರು ಸಿದ್ದಿಗಳ ಬಗ್ಗೆ ಹೇಳಿದ್ದನ್ನೇ ನಾನು ಆ ವೇದಿಕೆ ಮೇಲೆ ಬಾಯಿ ಬಿಡದೆ ನನ್ನ ಗೆಳೆಯನ ಬಗ್ಗೆ ಹೇಳಿದ್ದೆ.

ಸಂಸ್ಕಾರದ ವಾದ ನಮಗೆಲ್ಲ ಯಾಕೆ ಇಷ್ಟ ಅಂದ್ರೆ ಅದು ಪುಕ್ಕಟೆ. ಗೆದ್ದೋನಿಗೆ ಋಣ ಇಲ್ಲ, ಸೋತೋನಿಗೆ ದೂರು ಹೇಳೋ ಹಕ್ಕಿಲ್ಲ, ನೋಡ್ತಾ ಕೂತೋನು ಏನೂ ಮಾಡಬೇಕಾಗಿಲ್ಲ. ಆದರೆ ಇದೇ ವಾದವನ್ನ ನಮ್ಮ ಮೇಲೆ ತಿರುಗಿಸಿದ್ರೆ? 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಆಗ ತಿಪಟೂರಿನಲ್ಲಿ ಧರಣಿ ಕೂತಿದ್ದು ನಾವೇ. ನಾಫೆಡ್ ಕೊಳ್ಳಲಿ, ಸರ್ಕಾರ ಕೈ ಹಿಡಿಯಲಿ ಅಂತ ಕೇಳಿದ್ದು ನಾವೇ, ಸರಿಯಾಗೇ ಕೇಳಿದ್ವಿ. ಯಾರಾದ್ರೂ ಬಂದು 'ತೆಂಗಿನ ಸೀಮೆಯೋರಿಗೆ ದುಡಿಯೋ ಸಂಸ್ಕಾರ ಇಲ್ಲ' ಅಂದಿದ್ರೆ ಭಾವ ಮಟ್ಟೆ ತಗೊಂಡು ಅಟ್ಟಿಸಿಕೊಂಡು ಹೋಗ್ತಿದ್ರು.

ಮುಂದಿನ ಹೋಲಿಕೆ ಈಗಾಗಲೇ ನಮ್ಮ ಸೀಮೆಯಲ್ಲೇ ಹುಟ್ಟಿದೆ. ಅಕ್ಕನ ಊರಿಂದ ಬರೋ ದಾರೀಲಿ ಒಂದು ತೆಂಗಿನಪುಡಿ ಫ್ಯಾಕ್ಟರಿ ಇದೆ. ಹಿಂದುಗಡೆ ತಗಡಿನ ಶೆಡ್‌ಗಳು. ಉತ್ತರದ ಕಡೆಯಿಂದ ಬಂದ ಕೆಲಸಗಾರರ ಸಂಸಾರ ಅಲ್ಲಿರುತ್ತೆ. ಅವತ್ತು ಮಧ್ಯಾಹ್ನ, ಶಾಲೆ ಇರೋ ಹೊತ್ತಲ್ಲಿ, ನಾಲ್ಕೈದು ಮಕ್ಕಳು ಕರಟದ ರಾಶಿ ಮೇಲೆ ಆಡ್ತಿದ್ವು. ಒಂದು ಹುಡುಗಿ ನನ್ನ ಕಡೆ ಕೈ ಬೀಸಿ ಅಚ್ಚ ಕನ್ನಡದಲ್ಲಿ "ಅಣ್ಣಾ, ಟೈಮ್ ಎಷ್ಟು?" ಅಂತ ಕೇಳ್ತು. ಶಾಲೆಗೆ ಹೋಗದೇ ಕನ್ನಡ ಕಲಿತಿದೆ, ಅದರ ಸಂಸ್ಕಾರದ ಬಗ್ಗೆ ನನಗೇನೂ ಅನುಮಾನ ಇಲ್ಲ.

ಆ ಮಗು ನಲವತ್ತು ವರ್ಷ ಆದ್ಮೇಲೆ ಟಿಬೆಟನ್ನರ ಪಟ್ಟೀಲಿ ಇರುತ್ತಾ, ಸಿದ್ದಿಗಳ ಪಟ್ಟೀಲಿ ಇರುತ್ತಾ ಅನ್ನೋದು ಅದರ ರಕ್ತದಲ್ಲಿ ಬರೆದಿಲ್ಲ. ಅರ್ಧ ಕಿಲೋಮೀಟರ್ ದೂರದಲ್ಲಿ ಸರ್ಕಾರಿ ಶಾಲೆ ಇದೆ. ಅದರ ಹಾಜರಿ ಪುಸ್ತಕದಲ್ಲಿ ಆ ಹೆಸರು ಬರೆಸೋದು ಯಾರು ಅನ್ನೋದೇ ಪ್ರಶ್ನೆ.

ಭಾವನ ತೋಟದ ಕಾಯಿ ಅದೇ ಫ್ಯಾಕ್ಟರಿಗೆ ಹೋಗುತ್ತೆ. ಈ ಭಾನುವಾರ ಫೋನ್ ಮಾಡ್ತೀನಿ. ಬೈಸಿಕೊಳ್ಳೋದು ಮುಗಿದ ಮೇಲೆ ಕೇಳ್ತೀನಿ: "ಭಾವ, ಆ ಶಾಲೆ ಮೇಷ್ಟ್ರು ನಿಮಗೆ ಗೊತ್ತಲ್ವಾ?"