ಯೀಸ್ಟ್ ಅಂತ ನಗುವ ಮುಂಚೆ ತಾಯಿ ಕಾರ್ಡ್ ನೋಡಿ

“ಹೆಂಡ ಹುಳಿಸುವ ಯೀಸ್ಟ್ ಮೇಲೆ ಸಂಶೋಧನೆಯಂತೆ! ಅದಕ್ಕೆ ಸರ್ಕಾರದ ದುಡ್ಡಂತೆ! ಇಲ್ಲಿ ಕುಡಿಯೋಕೆ ನೀರಿಲ್ಲ.”

ಇಂಥ ಮಾತು ಹೋಟೆಲ್ ಕಟ್ಟೆಯಲ್ಲೂ ಕೇಳುತ್ತೇವೆ, ವಾಟ್ಸ್ಯಾಪ್ ಗ್ರೂಪಿನಲ್ಲೂ ಓದುತ್ತೇವೆ. ಹೇಳುವವರು ಕೆಟ್ಟವರಲ್ಲ. ನೀರಿಲ್ಲದ ಸಿಟ್ಟು ನಿಜವಾದದ್ದೇ. ಆದರೆ ಆ ಸಿಟ್ಟನ್ನು ಯೀಸ್ಟ್ ಮೇಲೆ ತೀರಿಸಿಕೊಳ್ಳುವುದು ತಪ್ಪು ಅಂತ ನಾವು ಹೇಳುತ್ತೇವೆ. ಯಾಕೆ ಅಂತ ಲೆಕ್ಕವನ್ನೂ ಕೊಡುತ್ತೇವೆ.

ಮೊದಲು ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆಯಿರಿ. ಮಗು ಹುಟ್ಟಿದ 24 ಗಂಟೆಯೊಳಗೆ ಹಾಕಿಸಬೇಕಾದ ಹೆಪಟೈಟಿಸ್ ಬಿ ಲಸಿಕೆಯ ಸಾಲು ಹುಡುಕಿ. ಕಾಮಾಲೆ ತಂದು, ಮುಂದೆ ಲಿವರ್ ಕ್ಯಾನ್ಸರ್‌ಗೂ ದಾರಿ ಮಾಡುವ ವೈರಸ್ಸಿಗೆ ಅದು ತಡೆ. ಶುರುವಿನಲ್ಲಿ ಈ ಲಸಿಕೆಯನ್ನು ಸೋಂಕು ಇದ್ದವರ ರಕ್ತದಿಂದಲೇ ತಯಾರಿಸುತ್ತಿದ್ದರು. 1986ರಲ್ಲಿ ಅಮೆರಿಕ ಯೀಸ್ಟ್‌ನಲ್ಲಿ ತಯಾರಾದ ಲಸಿಕೆಗೆ ಒಪ್ಪಿಗೆ ಕೊಟ್ಟಿತು. ವೈರಸ್ಸಿನ ಒಂದು ಜೀನನ್ನು ಯೀಸ್ಟ್ ಒಳಗೆ ಸೇರಿಸಿದರೆ, ವೈರಸ್ಸಿನ ಹೊರಕವಚದ ಪ್ರೋಟೀನನ್ನು ಅದು ತಯಾರಿಸಿ ಕೊಡುತ್ತದೆ. ಯಾರ ರಕ್ತವೂ ಬೇಡ. ಸಕ್ಕರೆ ಕಾಯಿಲೆಯವರಿಗೆ ಬೆಂಗಳೂರಿನ ಬಯೋಕಾನ್ ಇನ್ಸುಲಿನ್ ತಯಾರಿಸುವುದೂ ಪಿಕಿಯಾ ಅನ್ನುವ ಜಾತಿಯ ಯೀಸ್ಟ್‌ನಲ್ಲೇ.

ಇದು ಯೀಸ್ಟ್‌ನಿಂದ ಕೆಲಸ ಮಾಡಿಸಿಕೊಂಡ ಕತೆ. ಯೀಸ್ಟ್‌ನಿಂದ ಪಾಠ ಕಲಿತ ಕತೆ ಇನ್ನೊಂದಿದೆ. ಜನ ಹೆಚ್ಚು ನಗುವುದು ಅದಕ್ಕೇ.

ಯೀಸ್ಟ್ ಅಂದರೆ ಒಂದೇ ಜೀವಕೋಶದ ಶಿಲೀಂಧ್ರ. ಬೇಕರಿ ಬನ್ನು ಉಬ್ಬುವುದು, ಹೆಂಡಕ್ಕೆ ಅಮಲೇರುವುದು ಅದರಿಂದ. ಬ್ಯಾಕ್ಟೀರಿಯಾಕ್ಕೆ ಇಲ್ಲದ ಒಂದು ವಿಷಯ ಅದಕ್ಕಿದೆ. ನಮ್ಮ ಜೀವಕೋಶಗಳ ಹಾಗೆ ಅದೂ ತನ್ನ ಜೀನುಗಳನ್ನು ಕೋಶಕೇಂದ್ರದೊಳಗೆ ಕಾಪಾಡಿಕೊಂಡಿರುತ್ತದೆ. ಸಕ್ಕರೆ ನೀರು ಕೊಟ್ಟರೆ ಬೆಳೆಯುತ್ತದೆ, ಸುಮಾರು ಒಂದೂವರೆ ಗಂಟೆಗೆ ಒಂದು ಎರಡಾಗುತ್ತದೆ. ಮನುಷ್ಯರಲ್ಲಿ ಒಂದು ಜೀನ್ ಕೆಡಿಸಿ ಏನಾಗುತ್ತದೆ ಅಂತ ನೋಡಲು ಆಗುವುದಿಲ್ಲ, ನೋಡಲೂಬಾರದು. ಯೀಸ್ಟ್‌ನಲ್ಲಿ ನೋಡಬಹುದು.

1970ರ ಸುಮಾರಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಲೀಲ್ಯಾಂಡ್ ಹಾರ್ಟ್‌ವೆಲ್ ಮಾಡಿದ್ದು ಇದನ್ನೇ. ಜೀನ್ ಕೆಟ್ಟ ಯೀಸ್ಟ್‌ಗಳನ್ನು ಅವರು ಆರಿಸಿ ಇಟ್ಟುಕೊಂಡರು. ತಂಪಿನಲ್ಲಿ ಚೆನ್ನಾಗಿ ಬೆಳೆಯುವ ಅವು ಬಿಸಿ ಹೆಚ್ಚಿಸಿದರೆ ಎರಡಾಗುವ ಕೆಲಸದ ನಡುವೆಯೇ ನಿಂತುಬಿಡುತ್ತಿದ್ದವು. ಯಾವುದು ಎಲ್ಲಿ ನಿಂತಿತು ಅಂತ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಹೋಗಿ, ಜೀವಕೋಶ ಎರಡಾಗಲು ಬೇಕಾದ ನೂರಕ್ಕೂ ಹೆಚ್ಚು ಜೀನುಗಳನ್ನು ಗುರುತಿಸಿದರು.

ಬ್ರಿಟನ್ನಿನ ಪಾಲ್ ನರ್ಸ್ ಹಿಡಿದದ್ದು ಪೊಂಬೆ ಅನ್ನುವ ಇನ್ನೊಂದು ಜಾತಿ. ಪೊಂಬೆ ಅಂದರೆ ಸ್ವಾಹಿಲಿ ಭಾಷೆಯಲ್ಲಿ ಬಿಯರ್. ಪೂರ್ವ ಆಫ್ರಿಕಾದ ಬಿಯರ್‌ನಲ್ಲಿ ಸಿಕ್ಕಿದ ಯೀಸ್ಟ್ ಅದು. ಹೌದು, ಹೆಂಡದ ಯೀಸ್ಟೇ! ಎರಡಾಗುವ ಕೆಲಸಕ್ಕೆ ಅಪ್ಪಣೆ ಕೊಡುವ ಮುಖ್ಯ ಜೀನ್ ಅದರಲ್ಲಿ ಸಿಕ್ಕಿತು. 1987ರಲ್ಲಿ ಮೆಲಾನಿ ಲೀ ಮತ್ತು ನರ್ಸ್, ಆ ಜೀನ್ ಕೆಟ್ಟ ಯೀಸ್ಟ್‌ಗೆ ಮನುಷ್ಯರ ಜೀನುಗಳನ್ನು ಸೇರಿಸಿ ನೋಡಿದರು. ಅದರಲ್ಲಿ ಒಂದು ಜೀನ್ ಸಿಕ್ಕ ಯೀಸ್ಟ್ ಮತ್ತೆ ಎರಡಾಗತೊಡಗಿತು. ಕೆಟ್ಟು ನಿಂತ ಟಿಲ್ಲರ್‌ಗೆ ಲಾರಿಯ ಪಾರ್ಟ್ ಹಾಕಿದರೆ ಸ್ಟಾರ್ಟ್ ಆದ ಹಾಗೆ. ಯೀಸ್ಟ್ ಮತ್ತು ಮನುಷ್ಯರ ವಂಶ ಬೇರೆಯಾಗಿ ಅಂದಾಜು ನೂರು ಕೋಟಿ ವರ್ಷ ಆಗಿದೆ. ಆದರೂ ಪಾರ್ಟ್ ಕೂತಿತು.

ಇದು ಯಾಕೆ ಮುಖ್ಯ? ನಿಲ್ಲಬೇಕಾದ ಜೀವಕೋಶ ನಿಲ್ಲದೆ ಎರಡಾಗುತ್ತಲೇ ಹೋದರೆ ಅದೇ ಕ್ಯಾನ್ಸರ್. ಹಾರ್ಟ್‌ವೆಲ್, ನರ್ಸ್ ಮತ್ತು ಟಿಮ್ ಹಂಟ್‌ಗೆ 2001ರಲ್ಲಿ ನೊಬೆಲ್ ಬಂತು. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಾಲ್ಬೊಸಿಕ್ಲಿಬ್ ಅನ್ನುವ ಸ್ತನ ಕ್ಯಾನ್ಸರ್ ಔಷಧಿ ತಡೆಯುವುದು, ನರ್ಸ್ ಕಂಡ ಆ ಜೀನಿನ ಬಳಗಕ್ಕೇ ಸೇರಿದ ಪ್ರೋಟೀನುಗಳನ್ನು. 1970ರಿಂದ 2015, ಅಂದರೆ 45 ವರ್ಷ. “ಮೂರು ವರ್ಷದಲ್ಲಿ ಏನು ಲಾಭ ತೋರಿಸ್ತೀಯ?” ಅಂತ ಹಾರ್ಟ್‌ವೆಲ್‌ರನ್ನು ಕೇಳಿದ್ದರೆ, ತೋರಿಸಲು ಅವರ ಹತ್ತಿರ ನಿಂತುಹೋದ ಯೀಸ್ಟ್ ಬಿಟ್ಟು ಏನೂ ಇರುತ್ತಿರಲಿಲ್ಲ.

“ಯೀಸ್ಟ್‌ಗೆ ಮೆದುಳಿದೆಯಾ, ಹೃದಯ ಇದೆಯಾ?” ಅಂತ ಕೇಳುವವರೂ ಇದ್ದಾರೆ. ಇಲ್ಲ. ಅಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲಬಹುದು. 2015ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ಯೀಸ್ಟ್‌ನ 414 ಜೀನುಗಳ ಜಾಗದಲ್ಲಿ ಒಂದೊಂದಾಗಿ ಮನುಷ್ಯರ ಜೀನ್ ಇಟ್ಟು ನೋಡಿದರು. ಹತ್ತಿರ ಹತ್ತಿರ ಅರ್ಧದಷ್ಟು ಕೆಲಸ ಮಾಡಿದವು, ಉಳಿದವು ಮಾಡಲಿಲ್ಲ. ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಅಂತ ಗೊತ್ತಾಗುವುದೂ ಹೀಗೇ. ಅದಕ್ಕೇ ಯೀಸ್ಟ್ ಆದಮೇಲೆ ಪ್ರಾಣಿ, ಪ್ರಾಣಿ ಆದಮೇಲೆ ಮನುಷ್ಯ. ಮೊದಲ ಮೆಟ್ಟಿಲು ಕಿತ್ತು ಅಟ್ಟ ಹತ್ತಲು ಆಗದು.

ಸಿಟ್ಟು ಮಾಡುವುದಾದರೆ ಮಾಡಬೇಕಾದ ಜಾಗ ಬೇರೆ ಇದೆ. ಯೀಸ್ಟ್ ಲಸಿಕೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1986ರಲ್ಲಿ. ನಮ್ಮ ದೇಶದ ಎಲ್ಲ ರಾಜ್ಯಗಳ ಸರ್ಕಾರಿ ಲಸಿಕೆ ಪಟ್ಟಿಗೆ ಅದು ಸೇರಿದ್ದು 2011ರ ಸುಮಾರಿಗೆ. ನಡುವೆ 25 ವರ್ಷ. ಆ ತಡ ಯಾವ ಯೀಸ್ಟ್ ಲ್ಯಾಬಿನಲ್ಲೂ ಆಗಿದ್ದಲ್ಲ. ದುಡ್ಡಿದ್ದವರ ಮಕ್ಕಳು ಖಾಸಗಿ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡರು, ಕೂಲಿಯವರ ಮಕ್ಕಳು ಕಾದರು.

ಸಂಶೋಧನೆ ನಿಲ್ಲಿಸಿದರೂ ದುಡ್ಡಿದ್ದವರು ಹೊರದೇಶದ ಔಷಧಿ ತರಿಸಿಕೊಳ್ಳುತ್ತಾರೆ. ಪೆಟ್ಟು ಬೀಳುವುದು ಗದ್ದೆ ಮಾರಿ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಬಸ್ ಹತ್ತುವವರಿಗೆ. ಆದ್ದರಿಂದ “ಯೀಸ್ಟ್‌ಗೆ ಯಾಕೆ ದುಡ್ಡು?” ಅನ್ನುವುದನ್ನು ಬಿಟ್ಟು ಹೀಗೆ ಕೇಳಿ: ಜನರ ದುಡ್ಡಿನಿಂದ ಹುಟ್ಟಿದ ತಿಳಿವಳಿಕೆ ಔಷಧಿಯಾದಾಗ ಅದರ ಬೆಲೆ ನಮ್ಮ ಕೈಗೆ ಎಟುಕುತ್ತದೆಯಾ? ಭಾನುವಾರ ಹುಟ್ಟಿದ ಮಗುವಿಗೂ 24 ಗಂಟೆಯೊಳಗೆ ಆ ಸೂಜಿ ಸಿಗುತ್ತದೆಯಾ? ಲ್ಯಾಬಿನವರು ಮಾಡಿದ್ದನ್ನು ಕನ್ನಡದಲ್ಲಿ ಹೇಳುತ್ತಾರಾ?

ಮುಂದಿನ ಗ್ರಾಮಸಭೆಗೆ ಆರೋಗ್ಯ ಇಲಾಖೆಯವರು ಬಂದಾಗ ಮೊದಲೆರಡು ಪ್ರಶ್ನೆ ಎದ್ದು ನಿಂತು ಕೇಳಿ. ಏನು ಉತ್ತರ ಬಂತು ಅಂತ ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.